ಯುದ್ಧ ಮುಗಿಯುವ ತನಕ

ನಜ್ಮಾ ಬಡಾವಣೆ, ದೋಹಾ
ಜೂನ್ 14

ಪ್ರೀತಿಯ ಸಫೂರಾ,

ಅಸ್ಸಲಾಮು ಅಲೈಕುಮ್.

ನನ್ನ ವಾಯ್ಸ್ ಮೆಸೇಜ್ ಕೇಳುವುದಿಲ್ಲ ಎಂದು ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ಏಳು ನಿಮಿಷ ಮೈಕ್ ಮುಂದೆ ನಿಂತವರ ಹಾಗೆ ಕಿರುಚುತ್ತಾರೆ, ಹೇಳುವುದು ಎರಡೇ ಮಾತು" ಎಂದು ನೀನು ಅಂದದ್ದನ್ನು ನಿನ್ನ ಅತ್ತಿಗೆ ನನಗೆ ತಲುಪಿಸಿ ಆಯಿತು. ಇರಲಿ. ಟೈಲರ್ ಅಂಗಡಿಯ ಅಳತೆ ಪುಸ್ತಕದ ಹಾಳೆಯಲ್ಲಿ ಬರೆದಿದ್ದೇನೆ. ಕಟಿಂಗ್ ಮಾಡುವ ಸರ್ಫರಾಝ್ ಫೋಟೊ ತೆಗೆದು ಕಳಿಸುತ್ತಾನೆ. ಟೀಚರ್ ಬುದ್ಧಿ ತೋರಿಸಿ ಕೆಂಪು ಪೆನ್ನಿನಲ್ಲಿ ತಿದ್ದಲು ಕೂರಬೇಡ.

ನಿನ್ನೆ ಶುಕ್ರವಾರ ನಮ್ಮ ಕುಂಟಲಪದವು ಜಮಾಅತ್ ಪರಿಷತ್ತಿನ ಕತಾರ್ ರಾಷ್ಟ್ರೀಯ ಸಮಿತಿಯ ಸಭೆ ಇತ್ತು. ನಲವತ್ತೆರಡು ಜನರ ಸಮಿತಿಗೆ 'ರಾಷ್ಟ್ರೀಯ' ಎಂಬ ಹೆಸರು ಯಾಕೆ ಎಂದು ನೀನು ನಗುವುದು ಗೊತ್ತು. ಅದು ನಾನು ಇಟ್ಟ ಹೆಸರಲ್ಲ. ಆದರೆ ನಿನ್ನ ಈ ರಾಷ್ಟ್ರೀಯ ಅಧ್ಯಕ್ಷ ನಿನ್ನೆ ನಿನ್ನ ನಿಯಮವನ್ನು ಪಾಸ್ ಮಾಡಿಸಿದ! ಇನ್ನು ಮುಂದೆ ನಮ್ಮ ಜಮಾಅತ್‌ನಿಂದ ಯಾವ ಮದುವೆಗೆ ಪತ್ರ ಹೋಗಬೇಕಾದರೂ ಮೊದಲು ನಿನ್ನ ಮಹಿಳಾ ಸಮಿತಿಯ ಇಬ್ಬರು ಹೋಗಿ, ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, ಹತ್ತು ನಿಮಿಷ ಮಾತಾಡಿಸಿ ಒಪ್ಪಿಗೆ ಕೇಳಬೇಕು. ಅವಳು ಇಲ್ಲ ಅಂದರೆ ಪತ್ರವೂ ಇಲ್ಲ. ಪತ್ರ ಇಲ್ಲದೆ ನಮ್ಮ ಕಡೆ ಯಾವ ಖತೀಬರೂ ನಿಕಾಹ್‌ಗೆ ಕೂರುವುದಿಲ್ಲ. ಹುಡುಗಿ ಹೇಳಿದ ಕಾರಣ ಆ ಕೋಣೆಯಿಂದ ಹೊರಗೆ ಬರಬಾರದು. ಫಾರಂನಲ್ಲಿ ಹೌದು ಅಥವಾ ಇಲ್ಲ, ಅಷ್ಟೇ. ಆಮೇಲೆ ಊರಿನ ಕಾರ್ಯದರ್ಶಿ ಶಿಹಾಬ್‌ನ ಸಹಿ, ಇಲ್ಲಿಂದ ನನ್ನ ಸಹಿ. ತಂದೆಯಂದಿರಲ್ಲಿ ಅರ್ಧ ಜನ ಇಲ್ಲೇ ಇದ್ದಾರಲ್ಲ.

ಸುಲಭದಲ್ಲಿ ಆಗಲಿಲ್ಲ. ಉಪಾಧ್ಯಕ್ಷ ಮೊಯ್ದಿನ್ ಎದ್ದು ನಿಂತು, "ಎಂತ ಅಧ್ಯಕ್ಷರೇ, ನಮ್ಮ ಮಕ್ಕಳನ್ನು ಕೇಳ್ಲಿಕ್ಕೆ ನಮಗೆ ಗೊತ್ತಿಲ್ವಾ? ಹೊರಗಿನವರು ಬಂದು ಕೇಳ್ಬೇಕಾ?" ಎಂದ. "ಗೊತ್ತಿದ್ದರೆ ಇಷ್ಟು ದಿನ ಕೇಳಿದ್ದು ಯಾವಾಗ ಮಾರಾಯ?" ಎಂದೆ. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಎರಡು ಮತಗಳಿಂದ ಗೆದ್ದೆವು.

ಸಭೆ ಮುಗಿಯುವ ಹೊತ್ತಿಗೆ ಎಲ್ಲರ ಮೊಬೈಲಿಗೂ ಕೊಲ್ಲಿಯ ಆಚೆ ಯುದ್ಧ ಶುರುವಾದ ಸುದ್ದಿ ಬಂತು. ಕೆಲವು ವಿಮಾನಗಳು ರದ್ದಾಗಿವೆ. ನೀನು ಟಿವಿ ನೋಡಿ ಹೆದರಬೇಡ, ನಮಗೇನೂ ಆಗುವುದಿಲ್ಲ. ನೀನು ಕೆಲಸ ಶುರು ಮಾಡು.

ನಿನ್ನ ಕಾಕ,
ಹಸನಬ್ಬ


ಕುಂಟಲಪದವು
ಜೂನ್ 19

ಪ್ರೀತಿಯ ಕಾಕ,

ವ ಅಲೈಕುಮುಸ್ಸಲಾಮ್.

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲೇ ಓದಿ ಅತ್ತುಬಿಟ್ಟೆ. ಈ ನಿಯಮಕ್ಕಾಗಿ ಏಳು ವರ್ಷ ಮನೆ ಮನೆ ತಿರುಗಿ ಬಾಯಿ ಒಣಗಿಸಿಕೊಂಡದ್ದು ಸಾರ್ಥಕವಾಯಿತು ಎನಿಸಿತು. ಕಾಕ ನನ್ನ ಸ್ವಂತ ಅಣ್ಣ ಎಂದು ಹೇಳಿಕೊಂಡು ಎರಡು ದಿನ ಮೆರೆದೆ ಕೂಡ.

ಮೊದಲ ಮನೆ ಯಾರದೆಂದು ನೀವು ಊಹಿಸಿರಲಿಕ್ಕಿಲ್ಲ. ನಿಮ್ಮ ಉಪಾಧ್ಯಕ್ಷರದ್ದು. ಮೊಯ್ದಿನ್‌ನವರ ಮಗಳು ನುಸೈಬಾಳಿಗೆ ಜುಲೈ ಆರಕ್ಕೆ ನಿಕಾಹ್ ಗೊತ್ತುಮಾಡಿದ್ದಾರೆ. ಹುಡುಗ ಅನ್ಸಾಫ್, ನಿಮ್ಮಲ್ಲೇ ಲುಸೈಲ್‌ನಲ್ಲಿ ಯಾವುದೋ ಆಫೀಸಿನಲ್ಲಿದ್ದಾನಂತೆ. ನುಸೈಬಾ ನಿಮ್ಮ ಮಗಳು ಶಹನಾಳ ಕ್ಲಾಸ್‌ಮೇಟ್, ಇನ್ನೂ ಡಿಗ್ರಿ ಎರಡನೆಯ ವರ್ಷ.

ಮಂಗಳವಾರ ನಾನೂ ನಮ್ಮ ಸಮಿತಿಯ ಝೊಹರಾಳೂ ಹೋದೆವು. ಹತ್ತು ನಿಮಿಷದ ಮಾತಿಗೆ ಒಂದೂವರೆ ಗಂಟೆ ಬೇಕಾಯಿತು. ಹುಡುಗಿಯ ತಾಯಿ ಕುಲ್ಸುಂ ಮೊದಲು ಶರಬತ್ತು ತಂದಳು, ಆಮೇಲೆ ಚಹಾ, ಆಮೇಲೆ ನೀರುದೋಸೆ. ತಂದದ್ದನ್ನು ಇಟ್ಟು ಬಾಗಿಲಲ್ಲೇ ನಿಲ್ಲುವುದು. "ಅವಳಿಗೆ ಎಂತ ಗೊತ್ತುಂಟು ಟೀಚರ್, ಕೇಳಿ, ಅವಳ ಬದಲು ನಾನೇ ಹೇಳ್ತೇನೆ" ಎಂದಳು. ಕೊನೆಗೆ ಝೊಹರಾ, "ನಿಮ್ಮ ಮಲ್ಲಿಗೆ ಗಿಡಕ್ಕೆ ಹುಳ ಬಿದ್ದಿದೆಯಲ್ಲ, ಬನ್ನಿ ತೋರಿಸ್ತೇನೆ" ಎಂದು ಕೈಹಿಡಿದು ಹೊರಗೆ ಕರೆದೊಯ್ದಳು. ಗಿಡದಲ್ಲಿ ಹುಳವೇ ಇರಲಿಲ್ಲವಂತೆ.

ನಾನು ನುಸೈಬಾಳನ್ನು ಮೂರು ಸಲ, ಮೂರು ಬೇರೆ ರೀತಿಯಲ್ಲಿ ಕೇಳಿದೆ. ಮೂರು ಸಲವೂ ಇಲ್ಲ ಎಂದಳು. ಅಳಲಿಲ್ಲ, ಗಾಬರಿಯಾಗಲಿಲ್ಲ, ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ಕೂತು ಹೇಳಿದಳು. ಕಾರಣವನ್ನೂ ಹೇಳಿದಳು. ಅದನ್ನು ನಾನು ಬರೆಯುವಂತಿಲ್ಲ, ನಿಯಮ ನಿಮ್ಮದೇ. ಹೊರಡುವಾಗ, "ಟೀಚರ್, ನಿಜವಾಗಿಯೂ ನಿಲ್ಲುತ್ತದಾ?" ಎಂದು ಕೇಳಿದಳು. ನನ್ನ ಅಣ್ಣ ಸಹಿ ಹಾಕದೆ ಇದು ಮುಂದೆ ಹೋಗುವುದಿಲ್ಲ ಎಂದು ಧೈರ್ಯ ಹೇಳಿ ಬಂದಿದ್ದೇನೆ.

ಫಾರಂನ ಫೋಟೊ ಕಳಿಸಿದ್ದೇನೆ. ಬೇರೆ ಬಾಯಿಂದ ಸುದ್ದಿ ಹೋಗುವ ಮೊದಲು ಮೊಯ್ದಿನ್‌ಗೆ ನೀವೇ ತಿಳಿಸಿ. ಮೆಲ್ಲಗೆ ಹೇಳಿ. ಅಪ್ಪನಿಗೆ ನೋವಾಗುವ ಸಂಗತಿಯೇ.

ನಿಮ್ಮ ತಂಗಿ,
ಸಫೂರಾ


ನಜ್ಮಾ
ಜೂನ್ 22

ಪ್ರೀತಿಯ ಸಫೂರಾ,

ನಿನ್ನ ಪತ್ರ ತಲುಪಿತು. ಆದರೆ ಇಲ್ಲಿಯ ಸ್ಥಿತಿ ನಿನಗೆ ಗೊತ್ತಿಲ್ಲ.

ಶಾಲೆಗೆ ರಜೆ ಬಿತ್ತೆಂದು ಊರಿಗೆ ಹೊರಟವರೆಲ್ಲ ಬಾಡಿಗೆ ರೂಮು ಬಿಟ್ಟು, ಪೆಟ್ಟಿಗೆ ಕಟ್ಟಿ, ವಿಮಾನವಿಲ್ಲದೆ ಸಿಕ್ಕಿಬಿದ್ದಿದ್ದಾರೆ. ವಿಸಿಟ್ ವೀಸಾ ಮುಗಿಯುತ್ತಾ ಬಂದ ತಾಯಂದಿರು, ಎಳೆ ಮಕ್ಕಳು, ಮಗಳ ಬಾಣಂತನಕ್ಕೆಂದು ಬೇರೆ ದೇಶಕ್ಕೆ ಹೊರಟು ಇಲ್ಲಿ ಅರ್ಧದಾರಿಯಲ್ಲಿ ಉಳಿದ ಉಡುಪಿಯ ಕೊನ್ಸೆಪ್ಟಾ ಬಾಯಿ. ಒಟ್ಟು ಮೂವತ್ತೇಳು ಜನ. ಈ ಬಿಸಿಲಿನಲ್ಲಿ ಎಸಿ ಇಲ್ಲದೆ ಒಂದು ಗಂಟೆ ಇರಲಾಗದು. ನಾನು ಎಷ್ಟು ಬಾಗಿಲು ಬಡಿದೆ ಗೊತ್ತೇ? ಎಲ್ಲ ಕಡೆ "ಮಾಫಿ, ಜಾಗ ಇಲ್ಲ." ದೊಡ್ಡ ದೊಡ್ಡ ಭಾಷಣ ಮಾಡುವವರೆಲ್ಲ ಫೋನ್ ಆಫ್ ಮಾಡಿ ಕೂತರು.

ಜಾಗ ಕೊಟ್ಟವನು ಮೊಯ್ದಿನ್. ದೋಹಾ ಅಲ್ ಜದೀದಾದಲ್ಲಿ ಅವನು ನಡೆಸುವ ಕಟ್ಟಡದ ಎರಡು ಮಾಳಿಗೆ ರಿಪೇರಿಗೆಂದು ಖಾಲಿ ಇದ್ದವು. ಬೀಗ ತೆಗೆದು ಕೊಟ್ಟ. ತಾನೇ ನಿಂತು ಗಂಜಿ ಬೇಯಿಸುತ್ತಾನೆ. ಕೊನ್ಸೆಪ್ಟಾ ಬಾಯಿಗೆ ಮೆಟ್ಟಿಲು ಹತ್ತಲಾಗದೆ ಇದ್ದಾಗ ಕುರ್ಚಿಸಮೇತ ಎತ್ತಿಕೊಂಡು ಹೋದ. ಇದಕ್ಕೆಲ್ಲ ಬದಲಾಗಿ ಅವನು ಏನನ್ನೂ ಕೇಳಿಲ್ಲ.

ಇಂಥವನ ಮುಂದೆ ಆ ಫಾರಂ ಹಿಡಿಯುವುದು ಹೇಗೆ, ನೀನೇ ಹೇಳು. ಒಂದು ವಾರ ತಡೆ. ಅಷ್ಟರಲ್ಲಿ ಇನ್ನೊಮ್ಮೆ ಹೋಗಿ ಆ ಹುಡುಗಿಯನ್ನು ಕೇಳಿ ನೋಡು. ನೀನು ಕೇಳಿದ ರೀತಿಯಲ್ಲೇ ಏನೋ ತಪ್ಪಿರಬಹುದು. ಮಕ್ಕಳಿಗೆ ಮೊದಲೇ ನಿನ್ನನ್ನು ಕಂಡರೆ ಹೆದರಿಕೆ. ಅನ್ಸಾಫ್‌ನನ್ನು ನಾನು ಬಲ್ಲೆ, ಅವನಲ್ಲಿ ಏನು ಕೊರತೆ?

ನಿನ್ನ ಕಾಕ


ಕುಂಟಲಪದವು
ಜೂನ್ 24

ಕಾಕ,

ನಿನ್ನೆ ರಾತ್ರಿ ಟಿವಿಯಲ್ಲಿ ನಿಮ್ಮ ಊರಿನ ಆಕಾಶವನ್ನು ತೋರಿಸಿದಾಗಿನಿಂದ ಫೋನ್ ಮಾಡುತ್ತಲೇ ಇದ್ದೇವೆ. ಅತ್ತಿಗೆ ನಮಾಝಿನ ಮುಸಲ್ಲಾ ಬಿಟ್ಟು ಏಳಲಿಲ್ಲ. ಶಹನಾ ನಿಮ್ಮ ಹಳೆಯ ವಾಯ್ಸ್ ಮೆಸೇಜ್‌ಗಳನ್ನು ಹಾಕಿಕೊಂಡು ಕೇಳುತ್ತಿದ್ದಳು, ಅವಳೊಂದಿಗೆ ನಾನೂ ಕೇಳಿದೆ. ಕ್ಷೇಮ ಎಂದು ಒಂದು ಸಾಲು ಬರೆಯಿರಿ.

ಸಿಟ್ಟನ್ನೂ ಬರೆದೇ ಬಿಡುತ್ತೇನೆ, ಒಳಗಿಟ್ಟುಕೊಳ್ಳಲು ಆಗುವುದಿಲ್ಲ. ನಾನು ಕೇಳಿದ್ದರಲ್ಲಿ ತಪ್ಪಿಲ್ಲ. ಅನ್ಸಾಫ್‌ನಲ್ಲಿ ಕೊರತೆ ಇದೆ ಎಂದು ಯಾರೂ ಹೇಳಿಲ್ಲ, ಪ್ರಶ್ನೆ ಅವನ ಬಗ್ಗೆ ಇರಲೇ ಇಲ್ಲ. ಇನ್ನೊಮ್ಮೆ ಹೋಗಿ ಕೇಳಿದರೆ ಅದು ಕೇಳುವುದಲ್ಲ, ಪೀಡಿಸುವುದು. ಅವಳು ಹೌದು ಎಂದಿದ್ದರೆ ಇನ್ನೊಮ್ಮೆ ಕೇಳು ಎನ್ನುತ್ತಿದ್ದಿರಾ?

ಇಲ್ಲಿ ರೇಷನ್ ಅಂಗಡಿಯ ಮುಂದೆ, "ಅಲ್ಲಿ ಗಂಡಸರ ತಲೆ ಮೇಲೆ ಬಾಂಬ್ ಬೀಳ್ತಾ ಉಂಟು, ಇಲ್ಲಿ ಇವರಿಬ್ಬರು ಮದುವೆ ಮುರೀಲಿಕ್ಕೆ ಹೊರಟಿದ್ದಾರೆ" ಎಂದು ನನಗೆ ಕೇಳುವ ಹಾಗೆಯೇ ಮಾತಾಡುತ್ತಾರೆ. ಝೊಹರಾಳ ಗಂಡ ಅವಳನ್ನು ಹೊರಗೆ ಬಿಡುತ್ತಿಲ್ಲ. ನನಗೆ ಬೇಕಾದದ್ದು ನಿಮ್ಮ ಒಂದು ಸಹಿ ಮಾತ್ರ.

ಸಫೂರಾ


ನಜ್ಮಾ
ಜೂನ್ 25

ಪ್ರೀತಿಯ ಸಫೂರಾ,

ಎಲ್ಲರೂ ಕ್ಷೇಮ. ಮಗ್ರಿಬ್ ನಮಾಝ್ ಮುಗಿದು ಸ್ವಲ್ಪವೇ ಹೊತ್ತಾಗಿತ್ತು. ಆಕಾಶದಲ್ಲಿ ಬೆಳಕು ಕಂಡಿತು, ಹಿಂದೆಯೇ ಶಬ್ದ. ಕಿಟಕಿಯ ಗಾಜುಗಳೆಲ್ಲ ನಡುಗಿದವು. ಮಕ್ಕಳು ಕಿರುಚಿದರು. ಕೊನ್ಸೆಪ್ಟಾ ಬಾಯಿ ಜಪಸರ ಹಿಡಿದು ಕೂತರು, ನಾವು ದುಆ ಮಾಡಿದೆವು. ಮೂವತ್ತೊಂದು ವರ್ಷದಿಂದ ಇಲ್ಲಿದ್ದೇನೆ, ಇಂಥ ಹೆದರಿಕೆ ಎಂದೂ ಆಗಿರಲಿಲ್ಲ. ಹೆದರಿದೆ ಎಂದು ಅಲ್ಲಿ ಯಾರಿಗೂ ತೋರಿಸುವಂತಿರಲಿಲ್ಲ, ಅಧ್ಯಕ್ಷ ನೋಡು. ನಿನಗೆ ಹೇಳುತ್ತಿದ್ದೇನೆ.

ನಿನ್ನ ಅತ್ತಿಗೆಗೆ ಸಮಾಧಾನ ಹೇಳು. ಬೇರೆ ವಿಷಯ ಆಮೇಲೆ.

ಕಾಕ


ಕುಂಟಲಪದವು
ಜೂನ್ 28

ಕಾಕ,

ನೀವು ಕ್ಷೇಮ ಎಂದು ಓದಿ ಉಸಿರು ಬಂತು. ಎರಡು ದಿನ ಬೇರೇನನ್ನೂ ಕೇಳಬಾರದೆಂದು ಸುಮ್ಮನಿದ್ದೆ.

ಇವತ್ತು ಜೂನ್ ಇಪ್ಪತ್ತೆಂಟು. ಮೊಯ್ದಿನ್‌ನವರ ಅಂಗಳದಲ್ಲಿ ಚಪ್ಪರದ ಕಂಬ ನೆಟ್ಟಿದ್ದಾರೆ. ಬೇರೆ ವಿಷಯ ಆಮೇಲೆ ಎಂದಿರಲ್ಲ, ಆ ಆಮೇಲೆ ಯಾವಾಗ ಬರುತ್ತದೆ?

ಸಫೂರಾ


ಕುಂಟಲಪದವು ಜಮಾಅತ್ ಪರಿಷತ್ತು
ಕತಾರ್ ರಾಷ್ಟ್ರೀಯ ಸಮಿತಿ
ಜುಲೈ 1

ಮಹಿಳಾ ಸಮಿತಿಯ ಸಂಚಾಲಕಿ ಶ್ರೀಮತಿ ಸಫೂರಾ ಅವರಿಗೆ,

ಪ್ರಸ್ತುತ ಯುದ್ಧದ ಸನ್ನಿವೇಶದಲ್ಲಿ ಜಮಾಅತ್‌ನ ಒಗ್ಗಟ್ಟು ಮತ್ತು ಪರಿಹಾರ ಕಾರ್ಯಗಳ ಹಿತದೃಷ್ಟಿಯಿಂದ, ಜೂನ್ 13ರ ಸಭೆಯಲ್ಲಿ ಅಂಗೀಕರಿಸಿದ ವಧುವಿನ ಒಪ್ಪಿಗೆ ಕುರಿತ ನಿಯಮವನ್ನು ಯುದ್ಧ ಮುಗಿಯುವ ತನಕ ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ. ಈ ಅವಧಿಯಲ್ಲಿ ಮದುವೆ ಪತ್ರಗಳನ್ನು ಹಿಂದಿನ ಪದ್ಧತಿಯಂತೆಯೇ ನೀಡಲಾಗುವುದು. ಎಲ್ಲರೂ ಸಹಕರಿಸಬೇಕಾಗಿ ವಿನಂತಿ.

ಹಸನಬ್ಬ
ರಾಷ್ಟ್ರೀಯ ಅಧ್ಯಕ್ಷರು


ಕುಂಟಲಪದವು
ಜುಲೈ 8

ಮಾನ್ಯ ರಾಷ್ಟ್ರೀಯ ಅಧ್ಯಕ್ಷರಿಗೆ,

ತಮ್ಮ ಸುತ್ತೋಲೆ ತಲುಪಿದೆ. ಅದರ ಜೊತೆಯಲ್ಲೇ ನುಸೈಬಾಳ ಮದುವೆ ಪತ್ರ ತಮ್ಮ ಸಹಿಯೊಂದಿಗೆ ಕಾರ್ಯದರ್ಶಿ ಶಿಹಾಬ್‌ಗೆ ತಲುಪಿತು. ಹನ್ನೆರಡು ದಿನ ನನ್ನ ಫಾರಂಗೆ ಸಿಗದ ಪೆನ್ನು ಅದಕ್ಕೆ ಒಂದೇ ದಿನದಲ್ಲಿ ಸಿಕ್ಕಿತಲ್ಲ.

ಮದುವೆ ಆರನೇ ತಾರೀಖಿಗೆ ನಡೆಯಿತು. ತಂದೆಗೆ ಬರಲಾಗದ್ದರಿಂದ ಚಿಕ್ಕಪ್ಪ ನಿಂತು ಮಾಡಿಸಿದರು. ವರ ಅನ್ಸಾಫ್ ಯುದ್ಧಕ್ಕೆ ಮೊದಲೇ ರಜೆಯಲ್ಲಿ ಬಂದಿದ್ದವನು. ಅವನ ಬಗ್ಗೆ ನನಗೆ ದೂರಿಲ್ಲ, ಅವನಿಗೆ ಏನೂ ಗೊತ್ತೇ ಇಲ್ಲ.

ಹಿಂದಿನ ದಿನ ನಾನು ಹೋಗಿದ್ದೆ. ಕುಲ್ಸುಂ ಈ ಸಲ ಶರಬತ್ತು ತರಲಿಲ್ಲ, ಬಾಗಿಲಲ್ಲಿ ನಿಲ್ಲಲೂ ಇಲ್ಲ. ನಿಲ್ಲುವ ಅಗತ್ಯ ಇರಲಿಲ್ಲವಲ್ಲ. "ನೀನೇ ಎಲ್ಲರ ಮುಂದೆ ಬೇಡ ಅಂತ ಹೇಳು, ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ" ಎಂದೆ ನುಸೈಬಾಳಿಗೆ. ಅವಳು, "ಹೇಳಿದ್ದೇನಲ್ಲ ಟೀಚರ್, ನಿಮಗೆ. ಬರೆದುಕೊಂಡಿರಲ್ಲ" ಎಂದಳು. ಮೆಹಂದಿ ಒಣಗಲೆಂದು ಎರಡು ಕೈಯನ್ನೂ ಎತ್ತಿ ಹಿಡಿದಿದ್ದಳು.

ಮಾರನೆಯ ದಿನ ಮದುವೆಮನೆಯಲ್ಲಿ ನಾನೂ ಇದ್ದೆ. ನಾನೂ ಏನೂ ಹೇಳಲಿಲ್ಲ. ತಾವು ಸಹಿ ಹಾಕಿದಿರಿ, ನಾನು ಬಿರಿಯಾನಿ ಉಂಡೆ. ಅಷ್ಟೇ ವ್ಯತ್ಯಾಸ.

ಅವಳ ಕಾಲೇಜಿನಿಂದ ಟಿಸಿ ತೆಗೆಸಿದ್ದಾರೆ. ಇದು ತಮ್ಮ ಮಾಹಿತಿಗಾಗಿ.

ಸಫೂರಾ
ಸಂಚಾಲಕಿ, ಮಹಿಳಾ ಸಮಿತಿ


ನಜ್ಮಾ
ಜುಲೈ 10

ಸಫೂರಾ,

ತಂಗಿಯಿಂದ ಮಾನ್ಯ ಅಧ್ಯಕ್ಷರೇ ಎಂದು ಅನ್ನಿಸಿಕೊಳ್ಳುವುದಕ್ಕಿಂತ ಎರಡು ಬೈಗುಳ ತಿನ್ನುವುದೇ ಮೇಲು. ಬೈಯಬಹುದಿತ್ತು.

ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಮೊಯ್ದಿನ್ ಏನನ್ನೂ ಕೇಳಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಬೀಗದ ಕೀ ಕೊಡುವಾಗಲೇ ಕೇಳಿದ್ದ. ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಕೈ ಬಿಡದೆ, "ಅಧ್ಯಕ್ಷರೇ, ನಿಮ್ಮ ಜನರನ್ನು ನಾನು ನೋಡಿಕೊಳ್ತೇನೆ. ನನ್ನ ಮಗಳ ಪತ್ರ ಮಾತ್ರ ನಿಲ್ಲಿಸ್ಬೇಡಿ. ಅಲ್ಲಿಗೆ ಖಲಾಸ್" ಎಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕೀ ತೆಗೆದುಕೊಂಡೆ.

ಈಗ ನೀನೇ ಹೇಳು. ಮೂವತ್ತೇಳು ಜನ ಬಿಸಿಲಲ್ಲಿ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಅದರಲ್ಲಿ ಒಂಬತ್ತು ಮಕ್ಕಳು. ಒಂದು ಕಡೆ ಅವರು, ಇನ್ನೊಂದು ಕಡೆ ಒಂದು ಹುಡುಗಿಯ ಮಾತು. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಉತ್ತರ ಸುಲಭ ಎಂದು ಬರೆಯಬೇಡ, ನಾನು ನಂಬುವುದಿಲ್ಲ. ಊರಿನಲ್ಲಿ ಕೂತು ನೀವು ನನ್ನನ್ನು ಹೇಡಿ ಅನ್ನುತ್ತೀರಿ. ಇಲ್ಲಿ ಇನ್ನೊಂದು ಗುಂಪು, ಯುದ್ಧದ ಸಮಯದಲ್ಲಿ ಹೆಂಗಸರ ನಿಯಮ ತಂದು ಸಮಿತಿಯನ್ನು ಒಡೆದ ಎನ್ನುತ್ತಿದೆ. ಸಾಕಾಗಿಹೋಗಿದೆ ನನಗೆ. ಅಂಗಡಿಯಲ್ಲಿ ನಿನ್ನೆ ಒಂದು ಕೋಟಿನ ಎರಡೂ ತೋಳನ್ನು ಬಲಗೈಯದ್ದೇ ಕತ್ತರಿಸಿಟ್ಟೆ. ಸರ್ಫರಾಝ್ ಬೇರೆ ಬಟ್ಟೆ ತಂದ.

ನಿಯಮವನ್ನು ನಾನು ಕೊಂದಿಲ್ಲ, ತಡೆಹಿಡಿದಿದ್ದೇನೆ ಅಷ್ಟೇ. ನೋಡುತ್ತಿರು.

ಕಾಕ


ನಜ್ಮಾ
ಜುಲೈ 19

ಪ್ರೀತಿಯ ಸಫೂರಾ,

ನೀನು ಉತ್ತರ ಬರೆಯಲಿಲ್ಲ. ಓದಿದ್ದೀಯೆಂದು ಗೊತ್ತು, ನೀಲಿ ಗೆರೆ ಬಿದ್ದಿದೆ.

ಒಳ್ಳೆಯ ಸುದ್ದಿ. ಯುದ್ಧ ನಿಂತಿದೆ, ಇನ್ನು ಹೊಸದಾಗಿ ಏನೂ ಆಗುವ ಲಕ್ಷಣ ಇಲ್ಲ. ವಿಮಾನಗಳು ಮೊದಲಿನ ಹಾಗೆ ಹಾರುತ್ತಿವೆ. ನಮ್ಮ ಮೂವತ್ತೇಳು ಜನರಲ್ಲಿ ಕೊನೆಯವರು ಮೊನ್ನೆ ಊರು ತಲುಪಿದರು. ಕೊನ್ಸೆಪ್ಟಾ ಬಾಯಿ ಮಗಳ ಮನೆ ತಲುಪಿ ಮೊಮ್ಮಗುವಿನ ಫೋಟೊ ಕಳಿಸಿದ್ದಾರೆ.

ನಿನ್ನೆ ಸಭೆಯಲ್ಲಿ ನಿಯಮವನ್ನು ಮತ್ತೆ ಜಾರಿಗೆ ತಂದೆ. ಈ ಸಲ ಒಬ್ಬರದೂ ವಿರೋಧವಿಲ್ಲ! ಮೊಯ್ದಿನ್ ಕೂಡ ಕೈ ಎತ್ತಿದ. ಎರಡು ಮತದಿಂದ ಗೆದ್ದದ್ದನ್ನು ಸರ್ವಾನುಮತಕ್ಕೆ ತಂದಿದ್ದೇನೆ. ಇದಕ್ಕೆ ಸಮಯ ನೋಡಿ ನಡೆಯುವುದು ಎನ್ನುತ್ತಾರೆ.

ಮೂರು ಫಾರಂ ಕಳಿಸಿದ್ದೇನೆ. ಮೂರನೆಯದು ನಮ್ಮ ಶಹನಾಳದ್ದು. ಒಳ್ಳೆಯ ಸಂಬಂಧ ಬಂದಿದೆ, ಆಗಸ್ಟ್ ಕೊನೆಗೆ ಇಟ್ಟುಕೊಳ್ಳೋಣ ಎಂದು ಮಾತಾಗಿದೆ. ಅಧ್ಯಕ್ಷನ ಮಗಳು ಎಂದು ಬಿಡಬೇಡ. ಎಲ್ಲರಂತೆ ಅವಳನ್ನೂ ಕೂರಿಸಿ ಕೇಳು. ಜನ ನೋಡಲಿ.

ನಿನ್ನ ಕಾಕ


ಕುಂಟಲಪದವು
ಜುಲೈ 27

ಕಾಕ,

ಝೊಹರಾಳ ಗಂಡ ಮತ್ತೆ ಅವಳನ್ನು ಹೊರಗೆ ಬಿಟ್ಟ. ನಿನ್ನೆ ಶನಿವಾರ ಮೂರು ಮನೆಗೂ ಹೋದೆವು.

ಮೊದಲ ಮನೆಯಲ್ಲಿ ತಾಯಿ ತಾನಾಗಿಯೇ ಎದ್ದು, "ಕೇಳಿ ಕೇಳಿ, ಈಗ ಎಲ್ಲ ಸರಿ ಉಂಟಲ್ಲ" ಎಂದು ನಗುತ್ತಾ ಹೊರಗೆ ಹೋದರು. ನನ್ನ ಪ್ರಶ್ನೆ ಮುಗಿಯುವ ಮೊದಲೇ ಹುಡುಗಿ ಹೌದು ಎಂದಳು. ಎರಡನೆಯ ಮನೆಯಲ್ಲೂ ಹಾಗೆಯೇ. ಎರಡೂ ಮನೆ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ. ಝೊಹರಾಳಿಗೆ ಬಹಳ ಸಂತೋಷ, ಜನ ಒಗ್ಗಿಕೊಂಡರು ಎನ್ನುತ್ತಾಳೆ. ಆ ಎರಡು ಫಾರಂ ತುಂಬಿ ಕಳಿಸಿದ್ದೇನೆ. ಸಹಿ ಹಾಕಿ.

ಮೂರನೆಯದು ನಿಮ್ಮ ಮನೆ. ಅತ್ತಿಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಶಹನಾ ಮನೆಯಲ್ಲೂ ನನ್ನನ್ನು ಟೀಚರ್ ಎಂದೇ ಕರೆಯುವವಳು. ಎದುರಿಗೆ ಕೂತು ಅವಳೇ ಮೊದಲು ಕೇಳಿದಳು, "ಟೀಚರ್, ನುಸೈಬಾ ಏನು ಹೇಳಿದ್ದಳು?"

"ಅದನ್ನು ಹೇಳುವ ಹಾಗಿಲ್ಲ" ಎಂದೆ.

"ನೀವು ಹೇಳದಿದ್ದರೂ ಗೊತ್ತುಂಟು. ಇಡೀ ಊರಿಗೆ ಗೊತ್ತುಂಟು" ಎಂದಳು. ಆಮೇಲೆ ಉಗುರು ನೋಡುತ್ತಾ, "ಹೌದು ಅಂತ್ಲೇ ಬರೆದುಕೊಳ್ಳಿ. ಇಲ್ಲ ಅಂದರೆ ನಿಮಗೂ ಬೇಜಾರು, ಬಾಪನಿಗೂ ಬೇಜಾರು. ಹೌದು, ಇಲ್ಲ, ಎರಡೂ ಒಂದೇ ಅಲ್ವಾ?" ಎಂದಳು.

ಸಿಟ್ಟಿರಲಿಲ್ಲ ಅವಳಿಗೆ. ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಿಜಕ್ಕೂ ಆ ಹುಡುಗ ಅವಳಿಗೆ ಒಪ್ಪಿಗೆಯೇ ಇರಬಹುದು. ಇಲ್ಲದೆಯೂ ಇರಬಹುದು. ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ, ಮಕ್ಕಳ ಮುಖ ನೋಡಿ ಗೊತ್ತಿದೆಯೋ ಗೊತ್ತಿಲ್ಲವೋ ಹೇಳಬಲ್ಲೆ ಎಂದು ಜಂಬ ಇತ್ತು. ನಿನ್ನೆ ನನಗೆ ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಕೇಳೋಣವೆಂದರೆ ಬಾಯಿ ಬರಲಿಲ್ಲ. ಯಾವ ಧೈರ್ಯದ ಮೇಲೆ ಕೇಳಲಿ? ಇಲ್ಲ ಅಂದರೆ ನಿಲ್ಲುತ್ತದೆ ಎಂದು ಒಬ್ಬಳಿಗೆ ಮಾತು ಕೊಟ್ಟು ಬಂದವಳು ನಾನು.

ಆ ಮೂವತ್ತೇಳು ಜನರ ವಿಷಯದಲ್ಲಿ ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದಿರಿ. ಗೊತ್ತಿಲ್ಲ ಕಾಕ. ಹದಿನೇಳು ದಿನ ಯೋಚಿಸಿದೆ. ಕೀ ತೆಗೆದುಕೊಳ್ಳುತ್ತಿದ್ದೆನೋ ಏನೋ. ಆದರೆ ಅದಾದ ಮೇಲೆ ಸರ್ವಾನುಮತ ಎಂದು ಪತ್ರ ಬರೆಯುತ್ತಿರಲಿಲ್ಲ.

ಶಹನಾಳ ಫಾರಂ ಖಾಲಿ ಇದೆ. ಹೌದು ಎಂದೂ ಬರೆದಿಲ್ಲ, ಇಲ್ಲ ಎಂದೂ ಬರೆದಿಲ್ಲ, ನನ್ನ ಸಹಿಯೂ ಇಲ್ಲ. ವಿಮಾನಗಳು ಹಾರುತ್ತಿವೆ ಎಂದು ನೀವೇ ಬರೆದಿದ್ದೀರಿ. ಬನ್ನಿ. ನಿಮ್ಮ ಮಗಳನ್ನು ನೀವೇ ಕೇಳಿ.

ಸಫೂರಾ